ಸುಲ್ತಾನ್ ಬಜಾರಿನ ನೀರು, ಮೋರಿ ಮತ್ತು ಬ್ಯಾಕ್ಟೀರಿಯಾ

ಹೈದರಾಬಾದಿನ ಮೂಸಿ ನದಿಯ ಉತ್ತರ ದಂಡೆಯಲ್ಲಿ, ಕೋಠಿಗೆ ಹೊಂದಿಕೊಂಡಿರುವ ಸುಲ್ತಾನ್ ಬಜಾರು ಇಂದು ಸೀರೆ, ಬಳೆ, ಸಿದ್ಧ ಉಡುಪು ಮತ್ತು ಮದುವೆಯ ಸಾಮಾನುಗಳಿಗೆ ಹೆಸರಾದ ಪೇಟೆ. ಇದರ ಇತಿಹಾಸವನ್ನು ಬ್ರಿಟಿಷ್ ರೆಸಿಡೆನ್ಸಿಯ ರಾಜಕಾರಣದ ಮೂಲಕ, ಸಾಹುಕಾರರ ಲೇವಾದೇವಿಯ ಮೂಲಕ ಅಥವಾ ಇಲ್ಲಿ ಗ್ರಂಥಾಲಯಗಳನ್ನೂ ಶಾಲೆಗಳನ್ನೂ ಕಟ್ಟಿದ ಭಾಷಾಭಿಮಾನಿಗಳ ಮೂಲಕ ಹೇಳುವುದು ವಾಡಿಕೆ. ಅಷ್ಟೇ ಮುಖ್ಯವಾದ ಇನ್ನೊಂದು ಇತಿಹಾಸವೂ ಈ ಪೇಟೆಗಿದೆ. ಕುಡಿಯುವ ನೀರು ಎಲ್ಲಿಂದ ಬಂತು, ಬಳಸಿದ ನೀರು ಎಲ್ಲಿಗೆ ಹೋಯಿತು, ಹೆರಿಗೆಯ ಕೋಣೆಯಲ್ಲಿ ಯಾರು ಕೈ ತೊಳೆದರು, ಹಾಲು ಹೇಗೆ ಮೊಸರಾಯಿತು ಎಂಬ ಪ್ರಶ್ನೆಗಳಿಂದ ಹೊರಡುವ ಆ ಇತಿಹಾಸದ ನಡುವೆ ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. ಊರಿನ ಆರೋಗ್ಯ ನಿಂತಿರುವುದು ಬ್ಯಾಕ್ಟೀರಿಯಾಗಳನ್ನು ಇಲ್ಲವಾಗಿಸುವುದರ ಮೇಲಲ್ಲ, ಅವುಗಳ ಜಾಗಗಳನ್ನು ಒಂದರಿಂದೊಂದು ಬೇರೆಯಾಗಿ ಇಡುವುದರ ಮೇಲೆ ಎಂಬುದನ್ನು ಈ ಪೇಟೆಯ ಮತ್ತು ಅದರ ಸುತ್ತಲಿನ ನಗರದ ಇನ್ನೂರು ವರ್ಷಗಳ ಅನುಭವ ಸ್ಪಷ್ಟವಾಗಿ ತೋರಿಸುತ್ತದೆ.

ಪೇಟೆ ಹುಟ್ಟಿದ ಬಗೆ

ಹೈದರಾಬಾದಿನ ಅರಸರಾದ ನಿಜಾಮರ ಆಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ 19ನೆಯ ಶತಮಾನದ ಮೊದಲ ದಶಕದಲ್ಲಿ ಮೂಸಿಯ ಉತ್ತರ ದಂಡೆಯಲ್ಲಿ ಭವ್ಯವಾದ ರೆಸಿಡೆನ್ಸಿ ಕಟ್ಟಡವನ್ನು ಕಟ್ಟಿಸಿದನು. ಅದರ ಸುತ್ತ ಬೆಳೆದ ಅಂಗಡಿ ಸಾಲುಗಳಿಗೆ ರೆಸಿಡೆನ್ಸಿ ಬಜಾರು ಎಂಬ ಹೆಸರಾಯಿತು. ಈ ಭಾಗ ನಿಜಾಮರ ನ್ಯಾಯಾಲಯ ಮತ್ತು ಪೊಲೀಸರ ಕೈಗೆ ಸಿಗದೆ ರೆಸಿಡೆಂಟನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಮಾರವಾಡಿ, ಗುಜರಾತಿ ಸಾಹುಕಾರರು ತಮ್ಮ ಕೋಠಿಗಳನ್ನು ಇಲ್ಲಿ ತೆರೆಯಲು ಇಷ್ಟಪಟ್ಟರು. ಅವರ ಬೆನ್ನಿಗೆ ತೆಲುಗು, ಮರಾಠಿ, ಉರ್ದು, ಕನ್ನಡ ಮಾತನಾಡುವ ಕುಟುಂಬಗಳು ಬಂದು ನೆಲೆಸಿದವು. 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಆರಂಭವಾದದ್ದು ಇಲ್ಲಿಯೇ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲೇ ಇದ್ದುದರಿಂದ ಓದಿಗೆ, ನೌಕರಿಗೆ, ಚಿಕಿತ್ಸೆಗೆ ಕನ್ನಡಿಗರು ಬರುತ್ತಿದ್ದ ರಾಜಧಾನಿಯೂ ಇದೇ ಆಗಿತ್ತು, ಮತ್ತು ಸಮೀಪದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇಂದಿಗೂ ಅವರ ಸಂಸ್ಥೆಯಾಗಿ ಉಳಿದಿದೆ. 1933ರಲ್ಲಿ ಪೇಟೆಯ ಆಡಳಿತ ನಿಜಾಮರಿಗೆ ಮರಳಿ ಬಂದ ಮೇಲೆ ಅದು ಸುಲ್ತಾನ್ ಬಜಾರು ಎನಿಸಿಕೊಂಡಿತು. 1949ರಲ್ಲಿ ರೆಸಿಡೆನ್ಸಿಯ ಆವರಣ ಮಹಿಳಾ ಕಾಲೇಜಿನದಾಯಿತು.

ಹೀಗೆ ಬಹುಕಾಲ ಈ ಊರಿನಲ್ಲಿ ಕೋಟೆಯೊಳಗಿನ ನಗರ, ನದಿಯಾಚೆಯ ಚಾದರ್‌ಘಾಟ್ ಮತ್ತು ರೆಸಿಡೆನ್ಸಿಯ ಪೇಟೆಗಳು ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಬೀದಿ ಗುಡಿಸುವ ಏರ್ಪಾಡು, ಕಸ ಸಾಗಿಸುವ ಕ್ರಮ, ತೆರಿಗೆ, ದಂಡ ಇವೆಲ್ಲ ಗಡಿ ದಾಟಿದೊಡನೆ ಬದಲಾಗುತ್ತಿದ್ದವು. ಆದರೆ ಮೂರೂ ಭಾಗಗಳ ಮಳೆನೀರು ಮತ್ತು ಕೊಳೆನೀರು ಸೇರುತ್ತಿದ್ದುದು ಒಂದೇ ಮೂಸಿಗೆ. ಮನೆಯಂಗಳದ ಬಾವಿಯೂ ಶೌಚದ ಗುಂಡಿಯೂ ಕೆಲವೇ ಮಾರು ಅಂತರದಲ್ಲಿದ್ದ ಇಕ್ಕಟ್ಟಿನ ಓಣಿಗಳಲ್ಲಿ ನೆಲದಡಿಯ ನೀರು ಒಂದರಿಂದ ಇನ್ನೊಂದಕ್ಕೆ ಜಿನುಗುವುದನ್ನು ತಡೆಯುವ ಶಕ್ತಿ ಯಾವ ಆಡಳಿತಕ್ಕೂ ಇರಲಿಲ್ಲ.

ಬ್ಯಾಕ್ಟೀರಿಯಾ: ಸ್ವರೂಪ ಮತ್ತು ಶಕ್ತಿ

ಬ್ಯಾಕ್ಟೀರಿಯಾ ಎಂದರೆ ಒಂದೇ ಜೀವಕೋಶದಿಂದಾದ, ಆ ಕೋಶದೊಳಗೆ ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿಲ್ಲದ ಸೂಕ್ಷ್ಮಜೀವಿ. ಹೆಚ್ಚಿನವುಗಳ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಿಂದ ಕೆಲವು ಭಾಗಗಳಷ್ಟು. ಆಕಾರದಲ್ಲಿ ಕೆಲವು ಗುಂಡಗೆ, ಕೆಲವು ಕಡ್ಡಿಯಂತೆ, ಕೆಲವು ಬಾಗಿ ಅಥವಾ ಸುರುಳಿಯಾಗಿ ಇರುತ್ತವೆ. ಹಾಲೆಂಡಿನ ಆಂಟೊನಿ ವಾನ್ ಲೇವೆನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರಗಳ ಮೂಲಕ ಇಂಥ ಜೀವಿಗಳನ್ನು ನೋಡಿ 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಆದರೆ ಅವುಗಳಿಗೂ ರೋಗಕ್ಕೂ ಇರುವ ಸಂಬಂಧ ಲೂಯಿ ಪಾಶ್ಚರ್ ಮತ್ತು ರಾಬರ್ಟ್ ಕೋಖ್ ಅವರ ಪ್ರಯೋಗಗಳಿಂದ ಸ್ಥಿರಪಡಲು ಮತ್ತೆ ಇನ್ನೂರು ವರ್ಷ ಹಿಡಿಯಿತು.

ಇವುಗಳ ಶಕ್ತಿಯಿರುವುದು ವೃದ್ಧಿಯ ವೇಗದಲ್ಲಿ. ಒಂದು ಕೋಶ ಬೆಳೆದು ಎರಡಾಗಿ ಸೀಳುತ್ತದೆ, ಎರಡು ನಾಲ್ಕಾಗುತ್ತವೆ. ಮನುಷ್ಯನ ಕರುಳಿನಲ್ಲಿ ಸಹಜವಾಗಿ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಆಹಾರ, ತೇವ, ಶಾಖ ಮೂರೂ ಅನುಕೂಲವಾಗಿದ್ದರೆ ಹೀಗೆ ಇಮ್ಮಡಿಯಾಗಲು ಸುಮಾರು 20 ನಿಮಿಷ ಸಾಕು. ಅದೇ ವೇಗ ಮುಂದುವರಿದರೆ ಏಳು ಗಂಟೆ ತುಂಬುವ ಮೊದಲೇ ಒಂದು ಕೋಶದ ಸಂತತಿ 10 ಲಕ್ಷವನ್ನು ದಾಟುತ್ತದೆ. ಬೆಳಿಗ್ಗೆ ಮಾಡಿದ ಸಾರು ಬೇಸಿಗೆಯ ಸಂಜೆಗೆ ಹಳಸುವುದಕ್ಕೂ, ಸಂಜೆ ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರಾಗುವುದಕ್ಕೂ ಈ ಲೆಕ್ಕವೇ ಆಧಾರ. ವಯಸ್ಕ ಮನುಷ್ಯನ ಶರೀರದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರ ಒಂದು ಅಂದಾಜು ಹೇಳುತ್ತದೆ. ಅವುಗಳಲ್ಲಿ ಬಹುಪಾಲು ದೊಡ್ಡಕರುಳಿನಲ್ಲಿದ್ದುಕೊಂಡು ಜೀರ್ಣವಾಗದ ನಾರನ್ನು ಒಡೆಯುತ್ತವೆ, ಕೆಲವು ಜೀವಸತ್ವಗಳನ್ನು ತಯಾರಿಸುತ್ತವೆ, ಕೆಡುಕಿನ ಜೀವಿಗಳಿಗೆ ಜಾಗ ಬಿಡದೆ ತಡೆಯುತ್ತವೆ. ಕರುಳಿನೊಳಗೆ ಉಪಕಾರಿಯಾಗಿರುವ ಜೀವಿ ಮೂತ್ರಕೋಶವನ್ನು ಹೊಕ್ಕರೆ ಉರಿಮೂತ್ರಕ್ಕೆ ಕಾರಣವಾಗುತ್ತದೆ. ಆದುದರಿಂದ ಒಂದು ಬ್ಯಾಕ್ಟೀರಿಯಾ ಯಾವುದು ಎಂಬ ಪ್ರಶ್ನೆಯಷ್ಟೇ ಅದು ಎಲ್ಲಿದೆ ಎಂಬ ಪ್ರಶ್ನೆಯೂ ಮುಖ್ಯ.

ವೈದ್ಯಶಾಲೆ ಮತ್ತು ಹೆರಿಗೆಯ ಕೋಣೆ

ರೆಸಿಡೆನ್ಸಿಯ ಸರ್ಜನ್ ಆಗಿದ್ದ ವಿಲಿಯಂ ಕ್ಯಾಂಬೆಲ್ ಮ್ಯಾಕ್ಲೀನ್ 1846ರಲ್ಲಿ ನಿಜಾಮ ನಾಸಿರ್-ಉದ್-ದೌಲಾ ಅವರ ಬೆಂಬಲದಿಂದ ಹೈದರಾಬಾದ್ ವೈದ್ಯಶಾಲೆಯನ್ನು ಆರಂಭಿಸಿದನು. ಆರಂಭದಲ್ಲಿ ಉರ್ದುವಿನಲ್ಲೇ ಪಾಠ ನಡೆಯುತ್ತಿದ್ದ ಈ ಶಾಲೆ ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಗಿ ಬೆಳೆದು ಕೋಠಿಯಲ್ಲಿ ನೆಲೆಗೊಂಡಿತು. 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಸ್ಥಾಪನೆಯಾಗುವವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲವಾದ್ದರಿಂದ, ಸಂಸ್ಥಾನದ ಕಾಲದಲ್ಲಿ ಅಲ್ಲಿನ ವಿದ್ಯಾರ್ಥಿಗಳು ವೈದ್ಯಶಾಸ್ತ್ರ ಕಲಿಯಲು ರಾಜಧಾನಿಗೇ ಬರಬೇಕಾಗಿತ್ತು.

ಈ ಶಾಲೆಯ ಪ್ರಾಂಶುಪಾಲನೂ ರೆಸಿಡೆನ್ಸಿ ಸರ್ಜನನೂ ಆಗಿದ್ದ ಎಡ್ವರ್ಡ್ ಲಾರಿಯ ಕಾಲದಲ್ಲಿ, 1888 ಮತ್ತು 1889ರಲ್ಲಿ, ಕ್ಲೋರೋಫಾರಂ ಎಂಬ ಅರಿವಳಿಕೆಯ ಸುರಕ್ಷತೆಯನ್ನು ಪರೀಕ್ಷಿಸಲು ಹೈದರಾಬಾದಿನಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಅರಿವಳಿಕೆಯಿಂದ ಶಸ್ತ್ರಚಿಕಿತ್ಸೆಯ ನೋವು ನಿಂತಿತಾದರೂ ಅದರ ನಂತರ ಗಾಯ ಕೊಳೆತು ರೋಗಿ ಸಾಯುವುದು ಅಷ್ಟರಿಂದಲೇ ನಿಲ್ಲುವಂತಿರಲಿಲ್ಲ. ಆ ಕೊಳೆತಕ್ಕೆ ಕಾರಣ ಗಾಯದೊಳಗೆ ಸೇರಿದ ಬ್ಯಾಕ್ಟೀರಿಯಾ ಎಂದು ನಂಬಿ ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನೂ ಉಪಕರಣಗಳನ್ನೂ ಶುದ್ಧಗೊಳಿಸುವ ಕ್ರಮವನ್ನು ಪ್ರಕಟಿಸಿದ್ದನು. ನೋವನ್ನು ಅಡಗಿಸುವ ವಿದ್ಯೆ ಮತ್ತು ನಂಜನ್ನು ತಡೆಯುವ ವಿದ್ಯೆ ಇವೆರಡೂ ಕೂಡಿದ ಮೇಲೆಯೇ ಶಸ್ತ್ರಚಿಕಿತ್ಸೆ ಭರವಸೆಯ ಚಿಕಿತ್ಸೆಯಾಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಗುರುತಿಸಿದ ಮಲೇರಿಯಾದ ರೋಗಾಣು ಬ್ಯಾಕ್ಟೀರಿಯಾ ಅಲ್ಲ, ಕೋಶಕೇಂದ್ರವುಳ್ಳ ಬೇರೊಂದು ವರ್ಗದ ಏಕಕೋಶ ಜೀವಿ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ರೋಗ ತರುವ ಸೂಕ್ಷ್ಮಜೀವಿಗಳೆಲ್ಲ ಒಂದೇ ಎಂಬ ಭಾವನೆ ಇಂದಿಗೂ ವ್ಯಾಪಕವಾಗಿದೆ.

ಸುಲ್ತಾನ್ ಬಜಾರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಇಂದಿಗೂ ಬಡ ಮತ್ತು ಮಧ್ಯಮ ವರ್ಗದ ಬಸುರಿಯರ ಆಸರೆಯಾಗಿದೆ. ಬಾಣಂತಿ ನಂಜು ಎಂದು ಜನ ಕರೆಯುವ, ಹೆರಿಗೆಯ ನಂತರ ಗರ್ಭಕೋಶಕ್ಕೆ ತಗಲುವ ಸೋಂಕು ಹಿಂದೆ ಅಸಂಖ್ಯ ತಾಯಂದಿರನ್ನು ಬಲಿತೆಗೆದುಕೊಂಡಿತ್ತು. ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆದು ಬಂದರೆ ಈ ಸಾವುಗಳು ಇಳಿಯುತ್ತವೆಂದು ತೋರಿಸಿಕೊಟ್ಟರೂ ಅವನ ಮಾತನ್ನು ಸಮಕಾಲೀನರು ಒಪ್ಪಲಿಲ್ಲ. 1879ರಲ್ಲಿ ಪಾಶ್ಚರ್ ಈ ರೋಗಕ್ಕೆ ಕಾರಣವಾದ, ಸರಪಣಿಯ ಹಾಗೆ ಸಾಲುಗಟ್ಟುವ ಬ್ಯಾಕ್ಟೀರಿಯಾವನ್ನು ಗುರುತಿಸಿದ ಬಳಿಕ ಆ ಮಾತಿಗೆ ಬಲ ಬಂತು. ತಾಯಿಗೆ ಮಾರಕವಾದ ಬ್ಯಾಕ್ಟೀರಿಯಾಗಳನ್ನು ದೂರವಿಡುವ ಅದೇ ಕೋಣೆಯಲ್ಲಿ ಶಿಶು ತನ್ನ ಬಾಳಿನ ಮೊದಲ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ತಾಯಿಯಿಂದಲೇ ಪಡೆಯುತ್ತದೆ. ಎದೆಹಾಲಿನಲ್ಲಿರುವ ಕೆಲವು ಸಕ್ಕರೆಗಳನ್ನು ಶಿಶುವಿನ ಕರುಳು ಜೀರ್ಣಿಸಲಾರದು. ಅವು ಬೈಫಿಡೋ ಎಂಬ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ, ಆ ಬ್ಯಾಕ್ಟೀರಿಯಾಗಳು ಬೆಳೆದು ಮಗುವಿನ ಕರುಳನ್ನು ಕಾಯುತ್ತವೆ. ಹುಟ್ಟಿದ ಗಳಿಗೆಯಿಂದಲೇ ಎದೆಹಾಲು ಕೊಡಬೇಕೆಂಬ ವೈದ್ಯರ ಒತ್ತಾಯದ ಹಿಂದೆ ಈ ಕಾರಣವೂ ಇದೆ.

ಪ್ರವಾಹ, ವಿಶ್ವೇಶ್ವರಯ್ಯ ಮತ್ತು ಗಂಡಿಪೇಟೆಯ ನೀರು

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನರನ್ನು ಕೊಂದಿತು. ಮೇಲಿನ ಜಲಾನಯನ ಪ್ರದೇಶದ 788 ಕೆರೆಗಳಲ್ಲಿ 221 ಒಡೆದುಹೋದದ್ದೇ ಈ ಅನಾಹುತ ಇಷ್ಟು ಭೀಕರವಾಗಲು ಮುಖ್ಯ ಕಾರಣ. ನದಿಯ ದಂಡೆಯಲ್ಲಿದ್ದ ಅಫ್ಜಲ್‌ಗಂಜ್ ಆಸ್ಪತ್ರೆ ಕೊಚ್ಚಿಹೋಯಿತು. ಅದರ ಆವರಣದ ಒಂದು ಹುಣಸೆಮರವನ್ನು ಹತ್ತಿ ಕುಳಿತ ಸುಮಾರು 150 ಜನ ಬದುಕಿಕೊಂಡರು, ಆ ಮರ ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಸ್ಮಾರಕದಂತೆ ಉಳಿಯಿತು. ಪ್ರವಾಹದ ನೀರು ಇಳಿದ ಮೇಲೆ ಬಾವಿ, ಮೋರಿ, ಶೌಚದ ಗುಂಡಿ, ಹೆಣ ಎಲ್ಲವೂ ಕಲಸಿಹೋದ ನಗರದಲ್ಲಿ ಕಾಲರಾದಂಥ ರೋಗಗಳು ಹರಡುವ ಭಯ ಸಹಜವಾಗಿಯೇ ಇತ್ತು.

ನಗರವನ್ನು ಮತ್ತೆ ಕಟ್ಟಲು ಸಲಹೆ ಕೇಳಿ ನಿಜಾಮ್ ಸರ್ಕಾರ ಕರೆಸಿಕೊಂಡದ್ದು ಮುಂಬಯಿ ಪ್ರಾಂತ್ಯದ ಸೇವೆಯಿಂದ ಆಗಷ್ಟೇ ಹೊರಬಂದಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಅವರಿಗೆ ಒಪ್ಪಿಸಿದ ಕೆಲಸಗಳು ಮೂರು: ಹಾಳಾದ ನಗರದ ಪುನರ್ನಿರ್ಮಾಣಕ್ಕೆ ನೆರವಾಗುವುದು, ಮುಂದೆ ಪ್ರವಾಹ ಬಾರದಂತೆ ಯೋಜನೆ ರೂಪಿಸುವುದು, ಹೈದರಾಬಾದ್ ನಗರಕ್ಕೂ ಚಾದರ್‌ಘಾಟಿಗೂ ಸೇರಿಸಿ ಸಂಪೂರ್ಣವಾದ ಒಳಚರಂಡಿ ಯೋಜನೆ ಸಿದ್ಧಪಡಿಸುವುದು. ಜನ ನೆನಪಿಟ್ಟುಕೊಂಡದ್ದು ಪ್ರವಾಹ ತಡೆದ ಜಲಾಶಯಗಳನ್ನು. ಆದರೆ ಬ್ಯಾಕ್ಟೀರಿಯಾದ ದೃಷ್ಟಿಯಿಂದ ನೋಡುವವರಿಗೆ ಮೂರನೆಯ ಕೆಲಸ ಅಷ್ಟೇ ದೂರಗಾಮಿಯಾದದ್ದು. ಆ ವರ್ಷದ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೊರಟುಹೋದರೂ, ಒಳಚರಂಡಿಯ ಕೆಲಸಕ್ಕೆ ಸಲಹೆ ನೀಡಲು 1920ರ ದಶಕದಲ್ಲಿ ಮತ್ತೆ ಹೈದರಾಬಾದಿಗೆ ಬಂದರು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲೂ ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲೂ ಪೂರ್ಣಗೊಂಡವು. ನೆಲದಡಿಯ ಒಳಚರಂಡಿ 1930ರ ದಶಕದ ಆರಂಭದ ಹೊತ್ತಿಗೆ ನಗರದ ನಡುಭಾಗವನ್ನು ವ್ಯಾಪಿಸಿತು. ಗಂಡಿಪೇಟೆಯಲ್ಲಿರುವ ಉಸ್ಮಾನ್ ಸಾಗರದಿಂದ ಕಾಲುವೆಯ ಮೂಲಕ ಆಸಿಫ್‌ನಗರದ ಫಿಲ್ಟರ್ ಬೆಡ್‌ಗಳಿಗೆ ಬಂದು ಶುದ್ಧವಾಗಿ ಮನೆಗಳಿಗೆ ಹರಿದ ನೀರನ್ನು ಹೈದರಾಬಾದಿಗಳು ಗಂಡಿಪೇಟೆಯ ನೀರೆಂದು ಅಭಿಮಾನದಿಂದ ಕರೆದರು, ಮತ್ತು ಅದನ್ನು ಒಮ್ಮೆ ಕುಡಿದವರು ಈ ಊರನ್ನು ಬಿಟ್ಟಿರಲಾರರೆಂಬ ಮಾತು ಜನಜನಿತವಾಯಿತು.

ಮರಳಿನ ಮೂಲಕ ನೀರನ್ನು ಸೋಸುವ ವಿಧಾನದಲ್ಲಿ ಬ್ಯಾಕ್ಟೀರಿಯಾಗಳಿಗೇ ಒಂದು ಪಾತ್ರವಿದೆ. ನಿಧಾನಗತಿಯ ಮರಳು ಶೋಧಕದಲ್ಲಿ ನೀರು ಗಂಟೆಗೆ ಹತ್ತಿಪ್ಪತ್ತು ಸೆಂಟಿಮೀಟರಿನಷ್ಟು ಮಾತ್ರ ಕೆಳಗಿಳಿಯುತ್ತದೆ. ಕೆಲವು ದಿನಗಳಲ್ಲಿ ಮರಳಿನ ಮೇಲ್ಪದರದಲ್ಲಿ ಬ್ಯಾಕ್ಟೀರಿಯಾ, ಪಾಚಿ ಮತ್ತು ಇತರ ಸೂಕ್ಷ್ಮಜೀವಿಗಳ ಲೋಳೆಯಂಥ ತೆಳುಪೊರೆ ಬೆಳೆಯುತ್ತದೆ. ನೀರಿನೊಡನೆ ಬರುವ ರೋಗಾಣುಗಳು ಆ ಪೊರೆಗೆ ಅಂಟಿಕೊಂಡು ಅಲ್ಲಿನ ಜೀವಿಗಳಿಗೆ ಆಹಾರವಾಗುತ್ತವೆ. ಕಾಲರಾದ ಬಾಗಿದ ಬ್ಯಾಕ್ಟೀರಿಯಾವನ್ನು 1884ರಲ್ಲಿ ಕಲ್ಕತ್ತೆಯಲ್ಲಿ ದೃಢಪಡಿಸಿದ ರಾಬರ್ಟ್ ಕೋಖ್, 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾದಿಂದ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಈ ಶೋಧಕಗಳ ಬೆಲೆಯನ್ನು ಲೋಕಕ್ಕೆ ತೋರಿಸಿಕೊಟ್ಟನು. ಹ್ಯಾಂಬರ್ಗ್ ಮತ್ತು ಪಕ್ಕದ ಆಲ್ಟೋನಾ ಎರಡೂ ಎಲ್ಬ ನದಿಯ ನೀರನ್ನೇ ಕುಡಿಯುತ್ತಿದ್ದವು. ಸೋಸದೆ ಕುಡಿದ ಹ್ಯಾಂಬರ್ಗ್ ನರಳಿತು, ಮರಳಿನಲ್ಲಿ ಸೋಸಿ ಕುಡಿದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ವಿಶ್ವೇಶ್ವರಯ್ಯನವರಿಗೆ ಈ ತತ್ತ್ವ ಹೊಸದಾಗಿರಲಿಲ್ಲ. 1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಸಿಂಧೂ ನದಿಯ ಪಾತ್ರದೊಳಗೇ ಬಾವಿ ತೋಡಿಸಿ, ಮರಳಿನಲ್ಲಿ ತಾನಾಗಿಯೇ ಸೋಸಿ ಬರುವ ನೀರನ್ನು ಪಟ್ಟಣಕ್ಕೆ ಒದಗಿಸಿದ ಅನುಭವ ಅವರಿಗಿತ್ತು.

ಪ್ಲೇಗು ಮತ್ತು ಕೋರಂಟಿ

ನೀರಿನ ದಾರಿ ಹಿಡಿಯದ ಬ್ಯಾಕ್ಟೀರಿಯಾ ರೋಗಗಳೂ ಇದ್ದವು. ಅವುಗಳಲ್ಲಿ ಅತಿ ಭೀತಿ ಹುಟ್ಟಿಸಿದ್ದು ಪ್ಲೇಗು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯರ್ಸಿನ್ ಇದರ ಬ್ಯಾಕ್ಟೀರಿಯಾವನ್ನು ಗುರುತಿಸಿದನು. ಇಲಿಗಳ ಮೈಮೇಲಿನ ಚಿಗಟ ಕಚ್ಚುವುದರಿಂದ ಅದು ಮನುಷ್ಯನಿಗೆ ಬರುತ್ತದೆಂದು 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ತೋರಿಸಿದನು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು, ಮತ್ತು ಅಲ್ಲಿ ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳು ಬೆಳೆಯಲು ಒತ್ತಾಯ ತಂದಿತು. 1911ರಲ್ಲಿ ಹೈದರಾಬಾದ್ ನಗರವನ್ನೂ ಅದು ಬಾಧಿಸಿತು. ಮರುವರ್ಷ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿ ಗಾಳಿ ಬೆಳಕಿಲ್ಲದ ಕೇರಿಗಳನ್ನು ತೆರವುಗೊಳಿಸಿ ರಸ್ತೆಗಳನ್ನು ಅಗಲಗೊಳಿಸುವ, ಬಡವರಿಗೆ ಸಾಲುಮನೆ ಕಟ್ಟಿಸುವ ಕೆಲಸಕ್ಕೆ ತೊಡಗಿತು. ಸೋಂಕಿತರನ್ನು ಬೇರೆಯಾಗಿ ಇರಿಸಿ ಆರೈಕೆ ಮಾಡುವ ಆಸ್ಪತ್ರೆಯೊಂದೂ ಆ ದಶಕದಲ್ಲೇ ಹುಟ್ಟಿಕೊಂಡಿತು. ಸುಲ್ತಾನ್ ಬಜಾರಿಗೆ ದೂರವೇನಲ್ಲದ ನಲ್ಲಕುಂಟದಲ್ಲಿರುವ ಆ ಫೀವರ್ ಆಸ್ಪತ್ರೆಯನ್ನು ಹಳೆಯ ಹೈದರಾಬಾದಿಗಳು ಈಗಲೂ ಕೋರಂಟಿ (ಕ್ವಾರಂಟೈನ್) ದವಾಖಾನೆ ಎನ್ನುತ್ತಾರೆ. ಮಳೆಗಾಲದಲ್ಲಿ ವಾಂತಿಭೇದಿ, ವಿಷಮಶೀತ ಜ್ವರ, ಗಂಟಲಮಾರಿ ಎಂದು ಬರುವವರಿಂದ ಅದು ಇಂದಿಗೂ ತುಂಬಿರುತ್ತದೆ.

ಅಡುಗೆಮನೆಯ ಬ್ಯಾಕ್ಟೀರಿಯಾ

ಆಸ್ಪತ್ರೆ ಮತ್ತು ನಲ್ಲಿಗಳ ಇತಿಹಾಸ ಸರ್ಕಾರದ ಕಡತಗಳಲ್ಲಿ ಉಳಿದಿದೆ. ಬ್ಯಾಕ್ಟೀರಿಯಾಗಳನ್ನು ಪಳಗಿಸಿದ ಇನ್ನೊಂದು ಇತಿಹಾಸ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಬರಹವಿಲ್ಲದೆ ನಡೆದುಬಂದಿದೆ. ಕಾಯಿಸಿದ ಹಾಲು ಉಗುರುಬೆಚ್ಚಗಾದಾಗ ಹಿಂದಿನ ದಿನದ ಮೊಸರನ್ನು ಒಂದು ಚಮಚೆ ಬೆರೆಸುವುದಕ್ಕೆ ಹೆಪ್ಪು ಹಾಕುವುದು ಎನ್ನುತ್ತಾರೆ. ಕಾಯಿಸುವುದರಿಂದ ಹಾಲಿನಲ್ಲಿದ್ದ ಬಹುತೇಕ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಹೆಪ್ಪಿನ ಮೂಲಕ ಬೇಕಾದವನ್ನು ಮಾತ್ರ ಬಿಟ್ಟುಕೊಟ್ಟಂತಾಗುತ್ತದೆ. ಹಾಲು ಬಿಸಿಯಾಗಿದ್ದರೆ ಹೆಪ್ಪಿನ ಜೀವಿಗಳು ಸಾಯುತ್ತವೆ, ತಣ್ಣಗಾಗಿದ್ದರೆ ಬೆಳೆಯುವುದಿಲ್ಲ; ಬೆರಳದ್ದಿ ಹದ ನೋಡುವ ಗೃಹಿಣಿ ಈ ಎರಡರ ನಡುವಿನ ಶಾಖವನ್ನು ಉಷ್ಣಮಾಪಕವಿಲ್ಲದೆ ಅರಿಯುತ್ತಾಳೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೆಂಬ ಗುಂಪಿನ ಈ ಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ; ಹುಳಿ ಒಂದು ಮಟ್ಟಕ್ಕೆ ಏರಿದಾಗ ಕೇಸೀನ್ ಎಂಬ ಹಾಲಿನ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಹಾಲು ಗಟ್ಟಿಯಾಗುತ್ತದೆ. ಅದೇ ಹುಳಿ ರೋಗಕಾರಕ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವುದರಿಂದ ಹಾಲಿಗಿಂತ ಮೊಸರು ಹೆಚ್ಚು ಹೊತ್ತು ಕೆಡದೆ ಉಳಿಯುತ್ತದೆ.

ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಉಬ್ಬುವುದಕ್ಕೂ ಬ್ಯಾಕ್ಟೀರಿಯಾಗಳೇ ಮುಖ್ಯ ಕಾರಣ. ಲ್ಯೂಕೊನೊಸ್ಟಾಕ್ ಎಂಬ ಹೆಸರಿನವು ಉದ್ದು ಮತ್ತು ಅಕ್ಕಿಯ ಹಿಟ್ಟಿನಲ್ಲಿ ಬೆಳೆದು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತವೆ. ಉದ್ದಿನ ಅಂಟು ಆ ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತದೆ. ಕಲಬುರಗಿ, ರಾಯಚೂರು ಸೀಮೆಯ ಮನೆಗಳಲ್ಲಿ ಹುಳಿ ಬರಿಸಿ ಮಾಡುವ ಜೋಳದ ಅಂಬಲಿಯ ಹಿಂದಿರುವುದೂ ಇದೇ ಗುಂಪಿನ ಜೀವಿಗಳು. ಇದಕ್ಕೆ ವಿರುದ್ಧವಾಗಿ, ತೆಲಂಗಾಣ ಮತ್ತು ಆಂಧ್ರದ ಮನೆಗಳ ಮಾವಿನ ಉಪ್ಪಿನಕಾಯಿಯಲ್ಲಿ ಉಪ್ಪು ಬ್ಯಾಕ್ಟೀರಿಯಾಗಳಿಗೆ ಬೇಕಾದ ನೀರಿನಂಶವನ್ನು ಎಳೆದುಕೊಳ್ಳುತ್ತದೆ, ಕಾಯಿಯ ಹುಳಿ ಅವುಗಳಿಗೆ ಒಗ್ಗುವುದಿಲ್ಲ, ಮೇಲೆ ನಿಲ್ಲುವ ಎಣ್ಣೆ ಗಾಳಿಯನ್ನು ತಡೆಯುತ್ತದೆ. ಒದ್ದೆ ಚಮಚೆಯನ್ನು ಭರಣಿಗೆ ಹಾಕಬಾರದೆಂಬ ಹಿರಿಯರ ಕಟ್ಟುನಿಟ್ಟಿನ ಮಾತಿಗೆ ಹೀಗೆ ಗಟ್ಟಿಯಾದ ಕಾರಣವಿದೆ.

ಮೂಸಿಯ ಕೆಳಹರಿವಿನಲ್ಲಿ

ಸುಲ್ತಾನ್ ಬಜಾರಿನಂಥ ನಡುನಗರದ ಕೊಳೆನೀರು ಮೂಸಿಯ ದಂಡೆಯುದ್ದಕ್ಕೂ ಪೂರ್ವಕ್ಕೆ ಸಾಗಿ ಅಂಬರ್‌ಪೇಟೆಯನ್ನು ಮುಟ್ಟುತ್ತದೆ. ಅಲ್ಲಿ ದಿನಕ್ಕೆ 33.9 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕವಿದೆ. ಇಂಥ ಘಟಕದಲ್ಲಿ ಶುದ್ಧೀಕರಣದ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದು. ತೊಟ್ಟಿಯ ತಳದಿಂದ ಮೇಲಕ್ಕೆ ಏರುವ ಕೊಳೆನೀರು ಆಮ್ಲಜನಕವಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳ ದಟ್ಟವಾದ ಕೆಸರಿನ ಪದರವನ್ನು ಹಾದುಬರುವಾಗ, ಆ ಜೀವಿಗಳು ಮಲಿನವನ್ನು ಹಂತಹಂತವಾಗಿ ಒಡೆದು ಕೊನೆಗೆ ಮೀಥೇನ್ ಅನಿಲವಾಗಿಸುತ್ತವೆ. ಗಾಳಿಯೂದಿ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಇನ್ನೊಂದು ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ರೂಪಿಸಿದರು, ಜಗತ್ತಿನ ಬಹುತೇಕ ದೊಡ್ಡ ನಗರಗಳು ಇಂದು ಅದನ್ನೇ ನಂಬಿವೆ.

ಆದರೆ ಹೈದರಾಬಾದ್ ಬೆಳೆದ ವೇಗಕ್ಕೆ ಘಟಕಗಳು ಸಾಲದೆ, ಶುದ್ಧವಾಗದ ನೀರು ದಶಕಗಳ ಕಾಲ ಮೂಸಿಗೆ ಸೇರಿತು. ರಾಮಂತಾಪುರ, ಉಪ್ಪಲ್, ಪೀರ್ಜಾದಿಗುಡ ಮುಂತಾದ ಕಡೆ ರೈತರು ಈ ನೀರಿನಲ್ಲಿ ಪ್ಯಾರಾ ಹುಲ್ಲನ್ನು ಬೆಳೆದು ನಗರದ ಎಮ್ಮೆಗಳಿಗೆ ಮಾರುವ ಕಸುಬನ್ನು ಕಟ್ಟಿಕೊಂಡರು. ಕೊಳೆನೀರಿನ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಎಂಬ ಗೊಬ್ಬರವಾಗಿ ಮಾರ್ಪಡಿಸುತ್ತವೆ. ಹುಲ್ಲನ್ನು ಎಮ್ಮೆ ತಾನಾಗಿ ಜೀರ್ಣಿಸಿಕೊಳ್ಳಲಾರದು, ಅದರ ಹೊಟ್ಟೆಯ ಮೊದಲ ಕೋಣೆಯ ಬ್ಯಾಕ್ಟೀರಿಯಾಗಳು ನಾರನ್ನು ಒಡೆದುಕೊಡುತ್ತವೆ. ಹಾಲು ನಗರಕ್ಕೆ ಮರಳಿ ಹೆಪ್ಪಿನ ಬ್ಯಾಕ್ಟೀರಿಯಾಗಳಿಂದ ಮೊಸರಾಗುತ್ತದೆ. ಒಂದು ಊರಿನ ವಿಸರ್ಜನೆ ಅದರ ಊಟವಾಗಿ ತಿರುಗಿ ಬರುವ ಈ ಚಕ್ರದ ಪ್ರತಿ ತಿರುವಿನಲ್ಲೂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ. ಹೊಲದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಹುಲ್ಲು ಕೊಯ್ಯುವ ಕೂಲಿ ಹೆಂಗಸರು ಅದೇ ನೀರಿನ ರೋಗಾಣುಗಳಿಗೆ, ಜಂತುಗಳಿಗೆ ಮೈಯೊಡ್ಡುತ್ತಾರೆ ಎಂಬುದೂ ಅಷ್ಟೇ ನಿಜ. ಮೇಲ್ಹರಿವಿನಲ್ಲಿ ಅಪೂರ್ಣವಾಗಿ ಉಳಿದ ಕೆಲಸದ ಭಾರವನ್ನು ಹೊರುವವರು ಅವರು.

ಔಷಧ ಮತ್ತು ಪ್ರತಿರೋಧ

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಆಂಟಿಬಯಾಟಿಕ್ ಔಷಧಗಳಲ್ಲಿ ಬಹಳಷ್ಟು ಮೂಲತಃ ಬ್ಯಾಕ್ಟೀರಿಯಾಗಳಿಂದಲೇ ಬಂದವು. ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನಿರ್ದೇಶನದ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಆರಿಯೋಮೈಸಿನ್ ಔಷಧವನ್ನು ಪಡೆದನು; 1948ರಲ್ಲಿ ಲೋಕಕ್ಕೆ ಪರಿಚಯವಾದ ಅದು ಟೆಟ್ರಾಸೈಕ್ಲಿನ್ ಎಂಬ ಗುಂಪಿನ ಮೊದಲ ಔಷಧವಾಯಿತು. ಒಂದು ಕಾಲದಲ್ಲಿ ಊರುಗಳನ್ನೇ ಖಾಲಿಮಾಡಿಸಿದ ಪ್ಲೇಗು ಇಂದು ಈ ಗುಂಪಿನ ಔಷಧಗಳಿಗೂ ಬಗ್ಗುತ್ತದೆ. 1960ರ ದಶಕದಿಂದ ಹೈದರಾಬಾದ್ ಔಷಧೋದ್ಯಮದ ರಾಜಧಾನಿಯಾಗಿ ಬೆಳೆದು ದೇಶದ ಆಸ್ಪತ್ರೆಗಳಿಗೆ ಅಗ್ಗದ ಔಷಧಗಳನ್ನು ಒದಗಿಸಿತು.

ಇದೇ ಸಾಧನೆ ಹೊಸ ಅಪಾಯವನ್ನೂ ತಂದಿತು. ನಗರದ ವಾಯವ್ಯಕ್ಕಿರುವ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಶುದ್ಧಗೊಳಿಸಿ ಹೊರಬಿಟ್ಟ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದುದನ್ನು ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಕೆಲವು ಬ್ಯಾಕ್ಟೀರಿಯಾಗಳಿಗೆ ವಿಷವಾಗುವ ಪ್ರಮಾಣಕ್ಕಿಂತ ಇದು ಸಾವಿರ ಪಟ್ಟಿಗೂ ಹೆಚ್ಚು. ಔಷಧ ಬೆರೆತ ನೀರಿನಲ್ಲಿ ದುರ್ಬಲ ಬ್ಯಾಕ್ಟೀರಿಯಾಗಳು ಸತ್ತು, ಅದನ್ನು ತಾಳಿಕೊಳ್ಳುವ ಗುಣವಿದ್ದವು ಮಾತ್ರ ಉಳಿದು ವೃದ್ಧಿಯಾಗುತ್ತವೆ. ಆ ಗುಣವನ್ನು ಹೊತ್ತ ಜೀನುಗಳನ್ನು ಬ್ಯಾಕ್ಟೀರಿಯಾಗಳು ತಮ್ಮ ಸಂತತಿಗಷ್ಟೇ ಅಲ್ಲದೆ ನೆರೆಯ ಬೇರೆ ಜಾತಿಗಳಿಗೂ ದಾಟಿಸಬಲ್ಲವು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಕೊಂಡ ಎರಡು ದಿನದ ಮಾತ್ರೆಯೂ ಶರೀರದೊಳಗೆ ಇದೇ ಬಗೆಯ ಆಯ್ಕೆಯನ್ನು ನಡೆಸುತ್ತದೆ. ಔಷಧ ಇರಬೇಕಾದ ಜಾಗ ರೋಗಿಯ ಶರೀರ. ನದಿ ಮತ್ತು ಕೆರೆ ಅದರ ಜಾಗಗಳಲ್ಲ.

ಕೊಳವೆ ಕಾಯುವ ಕೆಲಸ

2009ರ ಮೇ ತಿಂಗಳಲ್ಲಿ, ಸುಲ್ತಾನ್ ಬಜಾರಿನಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕಿರುವ ಭೋಲಕ್‌ಪುರದಲ್ಲಿ ನಲ್ಲಿಯ ನೀರಿಗೆ ಕೊಳೆನೀರು ಬೆರೆತು ಹಲವರು ಪ್ರಾಣ ಕಳೆದುಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು. ಅಷ್ಟು ಹೊತ್ತಿಗೆ ನಗರಕ್ಕೆ ಉಸ್ಮಾನ್ ಸಾಗರದ ಜೊತೆಗೆ ಮಂಜೀರಾ ಮತ್ತು ಕೃಷ್ಣಾ ನದಿಗಳ ನೀರೂ ಬರುತ್ತಿತ್ತು; ಇಂಥ ದುರಂತಕ್ಕೆ ಎಡೆಮಾಡಿಕೊಡುವುದು ಕೊನೆಯ ಕೆಲವು ಅಡಿಗಳ ಕೊಳವೆ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಪದ್ಧತಿಯಲ್ಲಿ ಉಳಿದ ಹೊತ್ತು ಕೊಳವೆಯ ಒತ್ತಡ ಇಳಿದಿರುತ್ತದೆ. ತುಕ್ಕು ಹಿಡಿದ ಕೊಳವೆಯ ಬಿರುಕಿನ ಪಕ್ಕದಲ್ಲೇ ಸೋರುವ ಮೋರಿಯಿದ್ದರೆ ಅದರ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಇ. ಕೋಲಿ ಸಿಗಬಾರದು, ಮತ್ತು ಕ್ಲೋರಿನ್ ಬೆರೆಸಿದ ನೀರು ಮನೆಯ ನಲ್ಲಿಯನ್ನು ತಲುಪಿದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ ನೀರಿನಲ್ಲಿ ಸಿಕ್ಕಿತೆಂದರೆ ಆ ನೀರಿಗೆ ಮಲ ಸೇರಿದೆ ಎಂದೇ ಅರ್ಥವಾದುದರಿಂದ ಪರೀಕ್ಷೆಗೆ ಇದನ್ನೇ ಸೂಚಕವಾಗಿ ಆರಿಸಿಕೊಳ್ಳಲಾಗಿದೆ.

ನೆಲದಡಿಯ ಮೋರಿಯಲ್ಲಿ ಬ್ಯಾಕ್ಟೀರಿಯಾಗಳು ಇನ್ನೂ ಎರಡು ಕೆಲಸ ಮಾಡುತ್ತವೆ. ಗಾಳಿಯಾಡದ ಕೆಸರಿನಲ್ಲಿ ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹೊರಬಿಡುತ್ತವೆ. ಕೊಳವೆಯ ಮೇಲ್ಭಾಗದ ತೇವದಲ್ಲಿ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳು ಅದೇ ಅನಿಲವನ್ನು ಗಂಧಕಾಮ್ಲವಾಗಿ ಮಾರ್ಪಡಿಸಿ ಕಾಂಕ್ರೀಟನ್ನು ತಿನ್ನುತ್ತವೆ. ಮೊದಲನೆಯದು ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕನನ್ನು ಕೆಲವು ಉಸಿರುಗಳಲ್ಲಿ ಕೊಲ್ಲಬಲ್ಲದು, ಎರಡನೆಯದು ಹಳೆಯ ಮೋರಿಗಳು ಕುಸಿಯುವಂತೆ ಮಾಡುತ್ತದೆ. ಮೋರಿಯನ್ನು ರಕ್ಷಣೆಯಿಲ್ಲದೆ ಮನುಷ್ಯರಿಂದ ಶುಚಿಗೊಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ದೊಡ್ಡ ಯಂತ್ರಗಳು ಹೋಗಲಾರದ ಓಣಿಗಳಿಗಾಗಿ ಹೈದರಾಬಾದಿನ ಜಲಮಂಡಳಿ 2017ರಲ್ಲಿ ನೀರಿನ ರಭಸದಿಂದ ಕೆಸರು ಕೀಳುವ ಚಿಕ್ಕ ವಾಹನಗಳನ್ನು ದಲಿತ ಉದ್ಯಮಿಗಳ ಸಹಭಾಗಿತ್ವದಲ್ಲಿ ಬಳಕೆಗೆ ತಂದಿತು. ಸುಲ್ತಾನ್ ಬಜಾರಿನಂಥ ಇಕ್ಕಟ್ಟಿನ ಪೇಟೆಗಳಿಗೆ ತಕ್ಕ ಸಾಧನವಿದು.

ವಿಶ್ವೇಶ್ವರಯ್ಯನವರು ಜಲಾಶಯ ಮತ್ತು ಒಳಚರಂಡಿಗಳ ಕುರಿತು ಒಂದೇ ಹೊಣೆಯಲ್ಲಿ ಯೋಚಿಸಬೇಕಾಗಿ ಬಂದದ್ದು ಈ ನಗರದ ಭಾಗ್ಯವೇ ಸರಿ, ಏಕೆಂದರೆ ಬರುವ ನೀರು ಮತ್ತು ಹೋಗುವ ನೀರು ಎರಡೂ ಸೇರಿಯೇ ಒಂದು ಊರಿನ ಆರೋಗ್ಯ. ಕಾಲರಾ, ವಿಷಮಶೀತ ಜ್ವರಗಳು ಹಿಂದಿನಂತೆ ಓಣಿಗಳನ್ನು ಬರಿದು ಮಾಡದಿರುವುದಕ್ಕೆ ಔಷಧಕ್ಕೂ ಲಸಿಕೆಗೂ ಎಷ್ಟು ಪಾಲಿದೆಯೋ ಅಷ್ಟೇ ಪಾಲು ಆ ಎರಡು ನೀರುಗಳನ್ನು ಬೇರ್ಪಡಿಸಿದ ಕೊಳವೆಗಳಿಗೂ, ಅವುಗಳನ್ನು ಸುಸ್ಥಿತಿಯಲ್ಲಿಟ್ಟ ಹೆಸರಿಲ್ಲದ ಕಾರ್ಮಿಕರಿಗೂ ಸಲ್ಲಬೇಕು. ಸುಮಾರು ಐದು ಲಕ್ಷ ಜನರ ನಗರಕ್ಕೆಂದು ಹಾಕಿದ ಏರ್ಪಾಡಿನ ನಡುಭಾಗದ ಮೇಲೆ ಇಂದು ಅದರ ಹಲವು ಪಟ್ಟು ಜನರ ಒತ್ತಡ ಬಿದ್ದಿದೆ. ಹಳೆಯ ಕೊಳವೆಗಳನ್ನು ಬದಲಾಯಿಸುವುದು, ನಲ್ಲಿಯ ನೀರನ್ನು ತಪ್ಪದೆ ಪರೀಕ್ಷಿಸುವುದು, ಮೋರಿಗೆ ಮನುಷ್ಯರನ್ನು ಇಳಿಸದಿರುವುದು, ಔಷಧವನ್ನು ಅಗತ್ಯವಿದ್ದಾಗ ಮಾತ್ರ ಬಳಸುವುದು: ಬ್ಯಾಕ್ಟೀರಿಯಾಗಳೊಡನೆ ಬಾಳುವ ಊರು ದಿನವೂ ಮಾಡಬೇಕಾದ ಕೆಲಸಗಳಿವು, ಮತ್ತು ಇವುಗಳಲ್ಲಿ ಯಾವುದೂ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ.